ರಾತ್ರಿ ಕಾಲು ಎಳೆಯುವುದಕ್ಕೆ ಎವಿಲ್ ಮದ್ದಲ್ಲ

ಅಡಿಕೆಯ ಕೊಳೆರೋಗದ ಮಂಡೆಬಿಸಿಯಲ್ಲಿ ನಿದ್ದೆ ಇಲ್ಲ, ಮಲಗಿದ ಕೂಡಲೇ ಮೊಣಕಾಲಿನ ಕೆಳಗೆ ಹುಳ ಹರಿದ ಹಾಗೆ ಆಗ್ತದೆ, ಎದ್ದು ನಡೆದರೆ ಕಡಿಮೆ, ಅದಕ್ಕೆ ಅಲರ್ಜಿಯ ಮಾತ್ರೆ ಎವಿಲ್ ಒಂದು ನುಂಗಿ ಮಲಗ್ತೇನೆ ಅಂತ ಬರೆದಿದ್ದೀರಿ. ಮಾರಾಯ್ರೇ, ಇದು ರೆಸ್ಟ್‌ಲೆಸ್ ಲೆಗ್ಸ್, ಅಂದರೆ ಕಾಲು ಚಡಪಡಿಸುವ ಕಾಯಿಲೆ ಇದ್ದ ಹಾಗೆ ಕಾಣ್ತದೆ. ಮೊದಲು ಆ ಎವಿಲ್ ಬಿಡಿ. ಮಂಪರು ಬರ್ತದೆ ಹೌದು, ಆದರೆ ಮಿದುಳಿಗೆ ಹೋಗುವ ಹಳೇ ಅಲರ್ಜಿ ಮದ್ದುಗಳು ಈ ಚಡಪಡಿಕೆಯನ್ನು ಕೆರಳಿಸ್ತವೆ. ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ವಾಂತಿಗೆ ಕೊಡುವ ಸ್ಟೆಮೆಟಿಲ್, ಪೆರಿನಾರ್ಮ್ ಕೂಡ ಹಾಗೇ. ತುರಿಕೆಗೆ ಬೇಕೇ ಬೇಕಾದರೆ ಫೆಕ್ಸೊಫೆನಡಿನ್ ಆಗಬಹುದಾ ಕೇಳಿ. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗ್ತದೆ. ಅದನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಮೈಯಲ್ಲಿ ಕಬ್ಬಿಣ ಕಡಿಮೆಯಾದರೂ ಈ ಕಾಯಿಲೆ ಬರ್ತದೆ. ಹಿಮೋಗ್ಲೋಬಿನ್ 13 ಉಂಟು, ಕಬ್ಬಿಣ ಸಾಕು ಅಂತ ಒಬ್ಬರು ತೀರ್ಪು ಕೊಟ್ಟಾಗಿದೆ. ನೋಡಬೇಕಾದ್ದು ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಲ್ಯಾಬಿನ ಚೀಟಿಯಲ್ಲಿ 30 ಅಂದರೂ ನಾರ್ಮಲ್ ಅಂತ ಬರ್ತದೆ, ಆದರೆ ಈ ಕಾಲಿನ ಕಾಯಿಲೆಗೆ 75ರ ಒಳಗಿದ್ದರೆ ಕಡಿಮೆಯೇ. ಜೊತೆಗೆ ಐರನ್, ಟಿಐಬಿಸಿ (ರಕ್ತ ಎಷ್ಟು ಕಬ್ಬಿಣ ಹೊರಬಲ್ಲದು ಎಂಬ ಲೆಕ್ಕ) ಮಾಡಿಸಿ. ಇವೆರಡರಿಂದ ಸಿಗುವ ಸ್ಯಾಚುರೇಶನ್ 20 ಶೇಕಡಾಕ್ಕಿಂತ ಕೆಳಗಿದ್ದರೂ ಕೊರತೆ, 45ಕ್ಕಿಂತ ಮೇಲಿದ್ದರೆ ಕಬ್ಬಿಣ ಮುಟ್ಟಲೇಬೇಡಿ. ರಕ್ತ ಕೊಡುವುದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಇಲಿಜ್ವರ, ಡೆಂಗಿ ಬಂದು ಹೋದ ತಕ್ಷಣ ಮಾಡಿಸಿದರೆ ಫೆರಿಟಿನ್ ಸುಳ್ಳೇ ಏರಿರ್ತದೆ, ಕೆಲವು ವಾರ ತಡೆಯಿರಿ.

ಕಡಿಮೆ ಬಂದು ಡಾಕ್ಟರು ಮಾತ್ರೆ ಬರೆದರೆ ತಗೊಳ್ಳುವ ಕ್ರಮ ಮುಖ್ಯ. ಕಾಫಿಯೊಟ್ಟಿಗೆ ನುಂಗಿದರೆ ದುಡ್ಡು ದಂಡ. ಖಾಲಿ ಹೊಟ್ಟೆಗೆ, ಅರ್ಧ ಲಿಂಬೆ ಹಿಂಡಿದ ನೀರಲ್ಲಿ. ಹಿಂದೆ ಒಂದು ಗಂಟೆ, ಮುಂದೆ ಎರಡು ಗಂಟೆ ಚಾ, ಕಾಫಿ, ಹಾಲು, ಕ್ಯಾಲ್ಸಿಯಂ, ಜೆಲುಸಿಲ್ ಯಾವುದೂ ಬೇಡ. ಮಲಬದ್ಧತೆ ಆದರೆ ದಿನ ಬಿಟ್ಟು ದಿನ ತಗೊಂಡರೂ ನಡೀತದೆ, ಮೈ ಹೀರಿಕೊಳ್ಳುವುದು ಇನ್ನೂ ಚೆನ್ನಾಗಿ. ಮಲ ಕಪ್ಪಾದರೆ ಹೆದರಬೇಡಿ. ಟಾನಿಕ್ಕಿನ ಬಾಟಲಿಗಿಂತ ಓರೋಫರ್ ಎಕ್ಸ್‌ಟಿ ತರದ ಮಾತ್ರೆ ವಾಸಿ, ಒಂದರಲ್ಲಿ 100 ಮಿಲಿಗ್ರಾಂ ಕಬ್ಬಿಣ ಎಂಬ ಲೆಕ್ಕವಾದರೂ ಉಂಟು. ವಾರದಲ್ಲಿ ಗುಣ ಕಾಣುವುದಿಲ್ಲ, ಮೂರು ತಿಂಗಳಿಗೆ ಪುನಃ ಫೆರಿಟಿನ್. ಏರದಿದ್ದರೆ ಡ್ರಿಪ್ಪಿನಲ್ಲಿ ಕೊಡುವುದುಂಟು. ಮತ್ತೆ, ಗಂಡಸರಿಗೆ ಕಬ್ಬಿಣ ಇಳಿದಿದ್ದರೆ ರಕ್ತ ಎಲ್ಲಿ ಸೋರ್ತಾ ಉಂಟು ಅಂತ ಹುಡುಕಬೇಕು: ಮೂಲವ್ಯಾಧಿ, ಹೊಟ್ಟೆಹುಣ್ಣು. ನೋವಿನ ಮಾತ್ರೆಯಿಂದಲೂ ಹೊಟ್ಟೆಹುಣ್ಣು ಆಗ್ತದೆ, ತೋಟಕ್ಕೆ ಮದ್ದು ಸಿಂಪಡಿಸಿ ಬಂದ ದಿನವೆಲ್ಲ ಬೆನ್ನುನೋವಿಗೆ ಮಾತ್ರೆ ನುಂಗುವವರು ಇದನ್ನು ಎರಡು ಸಲ ಓದಿ.

ಮೀನಖಂಡ ಕಲ್ಲಾಗಿ ಹಿಡಿಯುವುದು ಬೇರೆ, ಅಂಗಾಲು ಹಗಲೂ ಉರಿಯುವುದು ಬೇರೆ. ಉರಿ ಇದ್ದರೆ ಶುಗರ್ ನೋಡಿಸಿ.

ಮಧ್ಯಾಹ್ನದ ನಂತರ ಕಾಫಿ ಬದಲು ಕೊತ್ತಂಬರಿ-ಜೀರಿಗೆ ಕಷಾಯ. ರಾತ್ರಿ ಊಟದ ಮೇಲೆ ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಬೇಡ, ಒಂದು ಪೆಗ್ಗೂ ಬೇಡ. ಎಳೆತ ಶುರುವಾದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ನಡೆಯಿರಿ, ಗೋಡೆಗೆ ಕೈ ಕೊಟ್ಟು ಮೀನಖಂಡ ಅರ್ಧ ನಿಮಿಷ ಎಳೆಯಿರಿ, ಬಿಸಿನೀರ ಬಕೆಟಿನಲ್ಲಿ ಹತ್ತು ನಿಮಿಷ ಕಾಲಿಡಿ (ಕೆಲವರಿಗೆ ತಣ್ಣೀರೇ ಹಿತ, ಸಕ್ಕರೆ ಕಾಯಿಲೆಯವರು ಬಿಸಿಯನ್ನು ಕೈಯಲ್ಲಿ ನೋಡಿಯೇ ಇಳಿಸಿ). ಮನಸ್ಸಿಗೆ ಕೆಲಸ ಕೊಟ್ಟರೂ ಇಳೀತದೆ, ಪದಬಂಧ ಸಾಕು. ಅಡಿಕೆ ರೇಟು, ಮಳೆಯ ನಕ್ಷೆ ಮಾತ್ರ ನೋಡಬೇಡಿ. ಎಷ್ಟೇ ತಡವಾಗಿ ನಿದ್ದೆ ಬಂದರೂ ಏಳುವ ಹೊತ್ತು ಒಂದೇ ಇರಲಿ.

ಈ ಕಾಯಿಲೆಗೆಂದೇ ಡಾಕ್ಟರು ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆ ಬರೆದುಕೊಟ್ಟರೆ ಕೇಳಿ ತಗೊಳ್ಳಿ. ಮೊದಲು ಅದ್ಭುತ, ವರ್ಷ ಕಳೆದಂತೆ ಕೆಲವರಿಗೆ ಎಳೆತ ಸಂಜೆ ಐದಕ್ಕೇ ಶುರುವಾಗಿ ಕೈಗೂ ಹಬ್ತದೆ. ಆಗ ನೀವೇ ಡೋಸ್ ಏರಿಸಬೇಡಿ. ಈಗ ಮೊದಲು ನೋಡುವುದು ಗಾಬಾಪೆಂಟಿನ್, ಪ್ರಿಗಾಬಲಿನ್ ಕಡೆ. ಕಿಡ್ನಿ ದುರ್ಬಲ ಇದ್ದರೆ ಡೋಸ್ ಕಡಿಮೆ. ಮರುದಿನ ಬೆಳಿಗ್ಗೆ ತಲೆ ಜೋಂಪು ಹಿಡಿದಿರ್ತದೆ, ಅದು ಅಭ್ಯಾಸ ಆಗುವವರೆಗೆ ಮರ ಹತ್ತಬೇಡಿ, ನೆಲದಲ್ಲೇ ನಿಂತು ಉದ್ದ ಕೋಲಿನಲ್ಲಿ ಕೆಲಸ ಮಾಡುವ ದೋಟಿಯವರನ್ನೇ ಕರೆಸಿ.