ಮರ್ಸಿಡಿಸ್ ಕುಪ್ಪಳಿಸಿದ್ದು ಸೈಡ್‌ಪಾಡ್‌ನಿಂದಾನಾ?

2022ರ ಮರ್ಸಿಡಿಸ್ ಫಾರ್ಮುಲಾ 1 ಕಾರು ಅಷ್ಟು ಕುಪ್ಪಳಿಸಿದ್ದು ಸೈಡ್‌ಪಾಡ್ (ಕಾರಿನ ಎರಡೂ ಪಕ್ಕದ ಉಬ್ಬು ಭಾಗ) ಸಣ್ಣದಿದ್ದಿದ್ದಕ್ಕೇನಾ ಅಂತ ಕೇಳಿದೀರಲ್ಲ, ಮುಖ್ಯ ತೊಂದ್ರೆ ಇದ್ದಿದ್ದು ಫ್ಲೋರ್‌ನಲ್ಲಿ, ಅಂದ್ರೆ ಕಾರಿನ ತಳದಲ್ಲಿ. ಆ ವರ್ಷದ ಹೊಸ ರೂಲ್ಸ್‌ನಿಂದ ಕಾರಿನ ಅಡಿಗೆ ವೆಂಚುರಿ ಟನಲ್ (ಮಧ್ಯೆ ಕಿರಿದಾಗೋ ಗಾಳಿ ದಾರಿ) ಬಂತು, ಸ್ಪೀಡ್ ಏರಿದಂಗೆ ಅಡಿಯ ಗಾಳಿ ಜೋರಾಗಿ ಓಡಿ ಪ್ರೆಶರ್ ಕಮ್ಮಿಯಾಗಿ ಕಾರನ್ನ ಕೆಳಗೆ ಎಳೆಯುತ್ತೆ, ನೆಲಕ್ಕೆ ತೀರಾ ಹತ್ರ ಹೋದ್ರೆ ಗಾಳಿ ಹರಿವು ಕೆಟ್ಟು ಕಾರು ಟಕ್ಕಂತ ಮೇಲೇಳುತ್ತೆ, ಮತ್ತೆ ಗಾಳಿ ಹರಿಯುತ್ತೆ, ಮತ್ತೆ ಕೆಳಗೆ. ಬಾಕು ರೇಸ್ ಮುಗಿದ್ಮೇಲೆ ಆಗಿನ ಮರ್ಸಿಡಿಸ್ ಡ್ರೈವರ್ ಹ್ಯಾಮಿಲ್ಟನ್ ಬೆನ್ನು ಹಿಡ್ಕೊಂಡು ಇಳಿದಿದ್ದು ನೋಡಿ ನಿಜವಾಗ್ಲೂ ಸಂಕಟ ಆಗಿತ್ತು.

ಅಗಲ ಸೈಡ್‌ಪಾಡ್ ಇದ್ರೆ ಮುಂದಿನ ಟೈರ್ ಎಬ್ಬಿಸೋ ಚೆಲ್ಲಾಪಿಲ್ಲಿ ಗಾಳೀನ ಫ್ಲೋರ್ ಕಡೆ ಬರದಂಗೆ ಆಚೆ ತಳ್ಳೋಕೆ ಸಹಾಯ ಆಗುತ್ತೆ. ಕುಪ್ಪಳಿಸೋದು ಕಮ್ಮಿ ಆಗ್ಲಿ ಅಂತ 2023ಕ್ಕೆ ರೂಲ್ಸ್ ಮಾಡೋ ಸಂಸ್ಥೆ ಎಫ್‌ಐಎ ಫ್ಲೋರ್ ಅಂಚನ್ನ 15 ಮಿಲಿಮೀಟರ್ ಎತ್ತರಿಸ್ತು, ಆ ವರ್ಷದ ಮೊನಾಕೋ ರೇಸ್‌ನಲ್ಲಿ ಮರ್ಸಿಡಿಸ್ ಕೂಡ ಸೈಡ್‌ಪಾಡ್ ಅಗಲ ಮಾಡ್ತು, ನನ್ ಪ್ರಕಾರ ಅದನ್ನ ಇನ್ನೂ ಮುಂಚೇನೇ ಮಾಡ್ಬೇಕಿತ್ತು.