ಪಹಣಿ ಅಜ್ಜನ ಹೆಸರಿನಲ್ಲಿದ್ದರೆ ಸಹಾಯಧನ ಸಿಗುವುದೇ?

ಪ್ರಶ್ನೆ: ನಮ್ಮ 4 ಎಕರೆ ಮಳೆಯಾಶ್ರಿತ ಜಮೀನಿನ ಪಹಣಿ ಇಂದಿಗೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ. ತಂದೆಯೂ ಈಗಿಲ್ಲ. ನಾನು ಮತ್ತು ತಮ್ಮ ಗೋವಿನಜೋಳ ಬೆಳೆಯುತ್ತೇವೆ. ಪಿಎಂ ಕಿಸಾನ್ ಹಣವಾಗಲಿ, ಬೆಳೆ ವಿಮೆಯಾಗಲಿ ನಮಗೆ ಸಿಗುತ್ತಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಲ್ಲಿರುವ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಿಕೊಳ್ಳಿ. ಅಜ್ಜ ಮತ್ತು ತಂದೆ ಇಬ್ಬರ ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಹಳೆಯ ಸಾವುಗಳು ಎಷ್ಟೋ ವೇಳೆ ನೋಂದಣಿಯೇ ಆಗಿರುವುದಿಲ್ಲ. ವರ್ಷ ಮೀರಿದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುವುದರಿಂದ ಅನೇಕ ಅರ್ಜಿಗಳು ಅಲ್ಲಿಯೇ ನಿಂತುಬಿಡುತ್ತವೆ. ಮದುವೆಯಾಗಿ ಹೋದವರೆಂದು ಸೋದರತ್ತೆಯರ, ಅಕ್ಕತಂಗಿಯರ ಹೆಸರನ್ನು ವಂಶವೃಕ್ಷದಿಂದ ಕೈಬಿಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಮುಚ್ಚಿಟ್ಟು ಮಾಡಿಸಿದ ಖಾತೆಗೆ ಮುಂದೆ ತಕರಾರು ಬಂದರೆ ಎಲ್ಲರಿಗೂ ನಷ್ಟ.

ಖಾತೆ ಜಂಟಿಯಾಗಿ ಬಂದರೂ ಚಿಂತೆಯಿಲ್ಲ. ಪಿಎಂ ಕಿಸಾನ್ ಯೋಜನೆಯಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು ಮಾತ್ರ. ಆದ್ದರಿಂದ ಪಹಣಿಯಲ್ಲಿ ಹೆಸರಿರುವ ಅಣ್ಣತಮ್ಮಂದಿರು ಬೇರೆ ಬೇರೆ ಕುಟುಂಬಗಳಾಗಿದ್ದರೆ, ಆದಾಯ ತೆರಿಗೆ ಪಾವತಿಯಂತಹ ಅಡ್ಡಿಗಳಿಲ್ಲದಿದ್ದಲ್ಲಿ, ಇಬ್ಬರೂ ವರ್ಷಕ್ಕೆ ತಲಾ 6,000 ರೂಪಾಯಿ ಪಡೆಯಬಹುದು. 2019ರ ಫೆಬ್ರವರಿ 1ರ ನಂತರ ಜಮೀನು ಪಡೆದವರಿಗೆ ಈ ಹಣವಿಲ್ಲವೆಂಬ ನಿಯಮವಿದೆಯಾದರೂ, ಖಾತೆದಾರರ ಮರಣದಿಂದ ವಾರಸುದಾರರಿಗೆ ಬಂದ ಜಮೀನಿಗೆ ವಿನಾಯಿತಿಯುಂಟು. ಖಾತೆಯಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ, ರೈತರ ನೋಂದಣಿಗಾಗಿ ರಾಜ್ಯ ಸರ್ಕಾರವಿಟ್ಟಿರುವ ಫ್ರೂಟ್ಸ್ ತಂತ್ರಾಂಶಕ್ಕೆ ಹೊಸ ಪಹಣಿಯನ್ನು ಸೇರಿಸಿ, ಇ-ಕೆವೈಸಿ ಮಾಡಿಸಿ. ಉಳುವವರ ಕೈಯನ್ನು ಬಿಟ್ಟು ದಾಖಲೆಯಲ್ಲಿರುವ ಹೆಸರನ್ನೇ ನೋಡುವ ಈ ಪದ್ಧತಿ ಸಣ್ಣ ರೈತರಿಗೆ, ಅದರಲ್ಲೂ ಲಾವಣಿಗೆ (ಗುತ್ತಿಗೆಗೆ) ಜಮೀನು ಮಾಡುವವರಿಗೆ, ನ್ಯಾಯ ಒದಗಿಸುತ್ತಿಲ್ಲವೆಂಬುದು ನಮ್ಮ ಅಭಿಪ್ರಾಯ.

ಬೆಳೆ ವಿಮೆಯಲ್ಲಿ ಮುಂಗಾರಿನ ಗೋವಿನಜೋಳಕ್ಕೆ ರೈತರು ಕಟ್ಟಬೇಕಾದದ್ದು ವಿಮಾ ಮೊತ್ತದ ಗರಿಷ್ಠ ಶೇ 2 ಮಾತ್ರ. ಆದರೆ ವಿಮೆ ಮಾಡಿಸಿದ ಬೆಳೆ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಆಗಿರಬೇಕು; ಹೊಲದಲ್ಲಿ ಗೋವಿನಜೋಳವಿದ್ದು ಸಮೀಕ್ಷೆಯಲ್ಲಿ ಹತ್ತಿಯೆಂದಿದ್ದರೆ ಪರಿಹಾರ ಕೈತಪ್ಪಬಹುದು. ಆದ್ದರಿಂದ ಸಮೀಕ್ಷೆಯ ವಿವರವನ್ನು ಮೊಬೈಲಿನಲ್ಲಿ ನೋಡಿಕೊಂಡು, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ. ಆಲಿಕಲ್ಲು ಮಳೆಯಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ವಿಮಾ ಸಂಸ್ಥೆಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು.