ಕಮಿಟ್ ಆದ ಬಿಲ್ ಕರೆಂಟ್ ಹೋದಾಗ ಮಾಯವಾಗುವುದೇಕೆ?

ಪ್ರಶ್ನೆ: ನಮ್ಮ ಅಂಗಡಿಯ ಬಿಲ್ಲಿಂಗ್ ಲಿನಕ್ಸ್ ಕಂಪ್ಯೂಟರಿನಲ್ಲಿ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಮೇಲೆ ನಡೆಯುತ್ತದೆ. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯಿತು. ಪ್ರಿಂಟ್ ಆಗಿ ಗ್ರಾಹಕರ ಕೈಸೇರಿದ್ದ ಕೊನೆಯ ಬಿಲ್ ಡೇಟಾಬೇಸಿನಲ್ಲಿಲ್ಲ. ಏಕೆ? ಎಫ್‌ಸಿಂಕ್ ಆಫ್ ಮಾಡಿದರೆ ವೇಗ ಹೆಚ್ಚುತ್ತದಂತೆ, ಮಾಡಬಹುದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬರೆದದ್ದು ನಿಜಕ್ಕೂ ಡಿಸ್ಕ್ ತಲುಪುವಂತೆ ಮಾಡುವ ಎಫ್‌ಸಿಂಕ್ ಸೆಟ್ಟಿಂಗನ್ನು ಮಾತ್ರ ಖಂಡಿತ ಮುಟ್ಟಬೇಡಿ. ಅದು ಆಫ್ ಇದ್ದಾಗ ಕರೆಂಟ್ ಹೋದರೆ ಒಂದು ಬಿಲ್ಲಲ್ಲ, ಇಡೀ ಡೇಟಾಬೇಸೇ ಕೆಡಬಹುದು.

ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ಲಾಗ್‌ಗೆ ಬರೆಯುತ್ತದೆ. ಟೇಬಲ್ಲಿನ ಫೈಲುಗಳಿಗೆ ಅದು ಸೇರುವುದು ಆಮೇಲೆ. ಲಾಗ್ ಡಿಸ್ಕ್ ತಲುಪಿದ ಮೇಲಷ್ಟೇ ‘ಕಮಿಟ್ ಆಯಿತು’, ಅಂದರೆ ಬದಲಾವಣೆ ಖಾಯಂ ಆಯಿತು, ಎಂಬ ಉತ್ತರ ಬರಬೇಕು. ಸಿಂಕ್ರೊನಸ್_ಕಮಿಟ್ ಎಂಬ ಸೆಟ್ಟಿಂಗ್ ಆಫ್ ಇದ್ದರೆ ಉತ್ತರ ಮೊದಲೇ ಬಂದುಬಿಡುತ್ತದೆ. ಲಾಗನ್ನು ಡಿಸ್ಕಿಗೆ ಕಳಿಸುವ ನಡುವಿನ ಅಂತರ, ಅಂದರೆ ವಾಲ್_ರೈಟರ್_ಡಿಲೇ, 200 ಮಿಲಿಸೆಕೆಂಡ್ ಇದ್ದಲ್ಲಿ, ಅದರ ಮೂರು ಪಟ್ಟು, ಅಂದರೆ ಸುಮಾರು 600 ಮಿಲಿಸೆಕೆಂಡಿನೊಳಗಿನ ಕಮಿಟ್‌ಗಳು ಕಳೆದುಹೋಗಬಹುದು. ಡೇಟಾಬೇಸ್ ಕೆಡುವುದಿಲ್ಲ, ಆದರೆ ನಿಮ್ಮ ಬಿಲ್ ಇರುವುದಿಲ್ಲ. ಈ ಸೆಟ್ಟಿಂಗನ್ನು ಬಿಲ್ಲಿಂಗ್ ತಂತ್ರಾಂಶ ತನ್ನ ಸೆಷನ್ನಿಗಷ್ಟೇ ಬದಲಿಸಿಕೊಂಡಿರಲೂಬಹುದು. ಆದ್ದರಿಂದ ಕಾನ್ಫಿಗ್ ಫೈಲ್ ನೋಡಿ ಸುಮ್ಮನಾಗದೆ, ‘ಶೋ ಸಿಂಕ್ರೊನಸ್_ಕಮಿಟ್’ ಅನ್ನು ಆ ತಂತ್ರಾಂಶದ ಸಂಪರ್ಕದಲ್ಲೇ ಓಡಿಸಿ ನೋಡಿ. ಅದು ಕಮಿಟ್‌ಗೆ ಮೊದಲೇ ಪ್ರಿಂಟ್ ಕೊಡುತ್ತಿದೆಯೇ ಎಂದೂ ತಯಾರಕರನ್ನು ಕೇಳಿ.

ಎರಡೂ ಸರಿಯಿದ್ದರೆ ಅನುಮಾನ ಡಿಸ್ಕ್ ಮೇಲೆ. ಬಹಳಷ್ಟು ಡಿಸ್ಕ್‌ಗಳಲ್ಲಿ ಬರೆಯಬೇಕಾದದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಸ್ವಂತ ರೈಟ್ ಕ್ಯಾಶ್ ಇರುತ್ತದೆ. ಕೆಲವು ಅಗ್ಗದ ಡಿಸ್ಕ್‌ಗಳು ಬರೆಯುವ ಮೊದಲೇ ‘ಬರೆದಾಯಿತು’ ಎನ್ನುತ್ತವೆ, ಪೋಸ್ಟ್‌ಗ್ರೆಸ್ ಅದನ್ನು ನಂಬಲೇಬೇಕು. ಸೆಕೆಂಡಿಗೆ ಎಷ್ಟು ಬರಹ ಡಿಸ್ಕ್ ಸೇರುತ್ತವೆ ಎಂದು ಅಳೆಯುವ ಪಿಜಿ_ಟೆಸ್ಟ್_ಎಫ್‌ಸಿಂಕ್ ಅನ್ನು ವಾಲ್ ಇರುವ ಡಿಸ್ಕಿನಲ್ಲೇ ಓಡಿಸಿ, ಎಫ್‌ಡೇಟಾಸಿಂಕ್ ಸಾಲು ನೋಡಿ. 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ; ಹಾಗಾಗಿ ಅಲ್ಲಿ ಹೆಚ್ಚೆಂದರೆ ಸುಮಾರು 120 ಬರಬೇಕು. ಸಾವಿರಗಟ್ಟಲೆ ತೋರಿಸಿದರೆ ಬರಹ ಕ್ಯಾಶಿನಲ್ಲೇ ನಿಂತಿದೆ. ಆಗ ‘ಎಚ್‌ಡಿಪಾರ್ಮ್ -ಡಬ್ಲ್ಯೂ 0’ (ದೊಡ್ಡಕ್ಷರದ W) ಕೊಟ್ಟು ಕ್ಯಾಶ್ ಆಫ್ ಮಾಡಿ. ರೀಬೂಟ್ ಆದಮೇಲೆ ಮತ್ತೆ ಆನ್ ಆಗಿದೆಯೇ ಪರೀಕ್ಷಿಸಿ. ಎಸ್‌ಎಸ್‌ಡಿಯಾದರೆ ಈ ಸಂಖ್ಯೆಯಿಂದ ತೀರ್ಮಾನಿಸಲಾಗದು. ಕರೆಂಟ್ ಹೋದಾಗ ಕ್ಯಾಶ್ ಬರೆದು ಮುಗಿಸಲು ಕೆಪಾಸಿಟರ್ ಇರುವ ಮಾದರಿಯನ್ನೇ ಕೊಳ್ಳಿ. ಯುಪಿಎಸ್ ಇರಲಿ, ಆದರೆ ಪವರ್ ಸಪ್ಲೈ ಸುಟ್ಟರೆ ಅದರಿಂದ ಉಪಯೋಗವಿಲ್ಲ.

ಪೋಸ್ಟ್‌ಗ್ರೆಸ್ 2019ರ ಫೆಬ್ರವರಿಗಿಂತ ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ. ಲಿನಕ್ಸ್‌ನಲ್ಲಿ ಎಫ್‌ಸಿಂಕ್ ಒಮ್ಮೆ ವಿಫಲವಾಗಿ, ಮರುಪ್ರಯತ್ನದಲ್ಲಿ ಬರೆಯದೆಯೇ ‘ಯಶಸ್ವಿ’ ಎನ್ನಬಹುದಿತ್ತು. ಈಗ ಪೋಸ್ಟ್‌ಗ್ರೆಸ್ ಅಲ್ಲೇ ನಿಂತು, ಲಾಗ್‌ನಿಂದ ಚೇತರಿಸಿಕೊಳ್ಳುತ್ತದೆ.

ವೇಗ ಬೇಕಿದ್ದರೆ, ಸ್ಟಾಕ್ ಪಟ್ಟಿ ಏರಿಸುವಾಗ ಸಾಲಿಗೊಂದು ಕಮಿಟ್ ಕೊಡದೆ ಸಾವಿರ ಸಾಲಿಗೊಂದು ಕೊಡಿ.